9 ವರ್ಷದ ಮಗನ ತೂಕ 46 ಕೆ.ಜಿ., ಎಷ್ಟು ಇಳಿಸಬೇಕು?

ಮಗನಿಗೆ 9 ವರ್ಷ, ಎತ್ತರ 138 ಸೆಂ.ಮೀ., ತೂಕ 46 ಕೆ.ಜಿ. ರಾತ್ರಿ ಅನ್ನ ನಿಲ್ಲಿಸಿದ್ದೀರಿ, ಅವನು ಅತ್ತು ರಂಪ ಮಾಡುತ್ತಾನೆ, ನಿಮ್ಮತ್ತೆ "ಬೆಳೆಯೋ ಹುಡುಗನ ತಟ್ಟೆಗೆ ಕಣ್ಣು ಹಾಕ್ಬೇಡ" ಅಂತಾರೆ. ತೂಕಕ್ಕೆ ಹರ್ಬಲ್ ಪೌಡರ್ ಕೊಡಬಹುದೇ ಎಂದೂ ಕೊನೆಗೆ ಕೇಳಿದ್ದೀರಿ. ಇಷ್ಟು ನೀವು ಬರೆದದ್ದು. ನಾನು ಡಾಕ್ಟರಲ್ಲ, ಪಿ.ಟಿ. ಮೇಷ್ಟ್ರು. ಮಕ್ಕಳ ಎತ್ತರ, ತೂಕ ಬರೆದಿಡುವುದು ನನ್ನ ಕೆಲಸದಲ್ಲೇ ಸೇರಿದೆ.

ಸಾಮಾನ್ಯವಾಗಿ ಈ ವಯಸ್ಸಿನಲ್ಲಿ ತೂಕ ಇಳಿಸುವ ಯೋಚನೆಯೇ ಬೇಡ, ಏರದಂತೆ ತಡೆದರೆ ಸಾಕು. ಲೆಕ್ಕ ನೋಡಿ. ಈಗ ಅವನ ಬಿಎಂಐ (ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ) ಸುಮಾರು 24. ದೊಡ್ಡವರ ಅಳತೆಯಲ್ಲಿ ಇದು ಅಷ್ಟೇನೂ ಅಲ್ಲ, ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಚಾರ್ಟಿನಲ್ಲಿ 9 ವರ್ಷದ ಗಂಡುಮಕ್ಕಳಿಗೆ ಬೊಜ್ಜಿನ ಗೆರೆ ಇರುವುದು 20.5ರ ಹತ್ತಿರ. ಹಾಗಾಗಿ ಅತ್ತೆಯವರು ಹೇಳುವಂತೆ ಸುಮ್ಮನಿರುವ ಹಾಗಿಲ್ಲ. ಈ ವಯಸ್ಸಿನ ಹುಡುಗರು ವರ್ಷಕ್ಕೆ 5-6 ಸೆಂ.ಮೀ. ಬೆಳೆಯುತ್ತಾರೆ. 11 ತುಂಬುವಾಗ 149 ಸೆಂ.ಮೀ. ಆಗಿ ತೂಕ 46ರಲ್ಲೇ ನಿಂತಿದ್ದರೆ ಬಿಎಂಐ 21ರ ಒಳಗೆ ಬರುತ್ತದೆ. ಆ ವಯಸ್ಸಿನ ಗೆರೆ 22.5ರ ಸುಮಾರು. ಅಲ್ಲಿಗೆ ಗೆರೆ ದಾಟಿ ಕೆಳಗೆ ಬಂದ ಹಾಗಾಯಿತು. ಒಂದೆರಡು ಕೆ.ಜಿ. ಏರಿದರೂ ಗಾಬರಿ ಬೇಡ.

ಆದ್ದರಿಂದ ರಾತ್ರಿಯ ಅನ್ನ ವಾಪಸ್ ಕೊಡಿ. ಅನ್ನ ಒಂದು ಸೌಟು ಕಡಿಮೆ, ಪಲ್ಯ ಮತ್ತು ಸಾರಿನ ಬೇಳೆ ಜಾಸ್ತಿ, ಅಷ್ಟೇ. ಅವನಿಗೊಬ್ಬನಿಗೇ ಬೇರೆ ತಟ್ಟೆ ಮಾಡಬೇಡಿ. ತಂಗಿ ಹಪ್ಪಳ ತಿನ್ನುವಾಗ ಇವನು ಸೌತೆಕಾಯಿ ಅಗಿಯುತ್ತ ಕೂರಬೇಕೆಂದರೆ ಯಾವ ಮಗು ಒಪ್ಪುತ್ತದೆ? ಮನೆಯಲ್ಲಿ ಹೊಟ್ಟೆ ಕಟ್ಟಿದ ಹುಡುಗ ಬೇಕರಿ ಹುಡುಕುತ್ತಾನೆ. ಶಾಲಾ ಗೇಟಿನಿಂದ 50 ಮೀಟರ್ ಒಳಗೆ ಎಣ್ಣೆ, ಉಪ್ಪು, ಸಕ್ಕರೆ ಅತಿಯಾದ ತಿಂಡಿ ಮಾರಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ 2020ರಲ್ಲೇ ನಿಯಮ ತಂದಿದೆ. ಸಂಜೆ ನಾಲ್ಕಕ್ಕೆ ಯಾವುದಾದರೂ ಶಾಲೆಯ ಗೇಟಿನ ಮುಂದೆ ನಿಂತು ನೋಡಿ, ನಗು ಬರುತ್ತದೆ.

ಮೊದಲು ಕೈ ಹಾಕಬೇಕಾದದ್ದು ಕುಡಿಯುವುದಕ್ಕೆ. 250 ಮಿ.ಲೀ. ಕೋಲಾದಲ್ಲಿ ಸುಮಾರು 26 ಗ್ರಾಂ ಸಕ್ಕರೆ, ಅಂದರೆ ಐದಾರು ಚಮಚ. ದಿನಕ್ಕೆ 1,600 ಕ್ಯಾಲೊರಿ ತಿನ್ನುವ ಮಗುವಿಗೆ ಸೇರಿಸಿದ ಸಕ್ಕರೆ 40 ಗ್ರಾಂ ದಾಟಬಾರದು, 20ರೊಳಗಿದ್ದರೆ ಇನ್ನೂ ಒಳ್ಳೆಯದು. ಪ್ಯಾಕೆಟ್ ಜ್ಯೂಸ್, ಬಾದಾಮಿ ಹಾಲು, ಬೆಲ್ಲ ಸುರಿದ ರಾಗಿ ಮಾಲ್ಟ್ ಎಲ್ಲವೂ ಇದೇ ಲೆಕ್ಕಕ್ಕೆ ಬರುತ್ತವೆ. ಬೆಲ್ಲಕ್ಕೆ ವಿನಾಯಿತಿ ಇಲ್ಲ. ಹಾಲಿಗೆ ಹಾಕುವ ಮಾಲ್ಟ್ ಪುಡಿಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯುವಂತೆ 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಬರೀ ಹಾಲು, ಮಜ್ಜಿಗೆ, ನೀರು ಸಾಕು.

ಅತ್ತೆಯವರ ಜೊತೆ ಜಗಳ ಬೇಡ, ಸಂಜೆಯ ತಿಂಡಿ ಅವರಿಗೇ ಒಪ್ಪಿಸಿ. ಬೇಯಿಸಿದ ಕಡಲೆಕಾಯಿ, ಹೆಸರುಕಾಳಿನ ಉಸಲಿ, ಕೋಸಂಬರಿ ಅವರ ಕೈಯಿಂದ ಬಂದರೆ ಮೊಮ್ಮಗ ಬೇಡ ಅನ್ನುವುದಿಲ್ಲ. ಚಕ್ಕುಲಿ, ಕೋಡುಬಳೆ ಹಬ್ಬಕ್ಕಿರಲಿ, ಡಬ್ಬ ತುಂಬಿಟ್ಟರೆ ಖಾಲಿಯಾಗದೆ ಇರದು.

ಇನ್ನು ಆಟ, ನನ್ನ ವಿಷಯ. ದಪ್ಪ ಹುಡುಗನನ್ನು ಟೀಮಿಗೆ ಕೊನೆಗೆ ಆರಿಸುತ್ತಾರೆ, ಇಲ್ಲವೇ ಸ್ಕೋರ್ ಬರೆಯಲು ಕೂರಿಸುತ್ತಾರೆ. ಹೆಚ್ಚು ಓಡಬೇಕಾದವನೇ ಪೀರಿಯಡ್ ಪೂರ್ತಿ ಕೂತಿರುತ್ತಾನೆ. (ಆ ಪೀರಿಯಡ್ಡೂ ಪರೀಕ್ಷೆ ಬಂತೆಂದರೆ ಗಣಿತದವರ ಪಾಲು.) ಓಟ, ಖೋ-ಖೋಗಳಲ್ಲಿ ಅವನು ದಿನಾ ಸೋಲುತ್ತಾನೆ, ಆಮೇಲೆ ಬರುವುದೇ ಇಲ್ಲ. ಕಬಡ್ಡಿಯಲ್ಲಿ ಹಿಡಿಯುವ ಜಾಗ ಕೊಡಿ, ಗುಂಡು ಎಸೆತ ಕಲಿಸಿ, ಈಜಿಗೆ ಸೇರಿಸಿ. ಅಲ್ಲಿ ಮೈತೂಕ ಅವನನ್ನು ಅವಮಾನಿಸುವುದಿಲ್ಲ. ದಿನಕ್ಕೆ ಒಟ್ಟು 60 ನಿಮಿಷ ಮೈ ಬೆವರಬೇಕು, ಅದನ್ನು ಮೂರು ಕಂತಿನಲ್ಲಿ ಮುಗಿಸಿದರೂ ನಡೆಯುತ್ತದೆ. ರಾತ್ರಿ ಕನಿಷ್ಠ 9 ತಾಸು ನಿದ್ದೆ ಬೇಕು. ಮೊಬೈಲ್ ಮಲಗುವ ಕೋಣೆಯಿಂದ ಹೊರಗಿರಲಿ.

ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ. ಕತ್ತಿನ ಹಿಂದೆ ಕಪ್ಪಾಗಿ ದಪ್ಪಗಿದ್ದರೆ ಕೊಳೆ ಎಂದು ಉಜ್ಜಬೇಡಿ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವ ಸೂಚನೆ ಇರಬಹುದು. ಜೋರು ಗೊರಕೆ ಇದ್ದರೆ ಅದನ್ನೂ ಹೇಳಿ. ಥೈರಾಯ್ಡ್ ಕಾರಣವಾಗುವುದು ಅಪರೂಪ, ಅಂಥ ಮಕ್ಕಳು ಸಾಮಾನ್ಯವಾಗಿ ಕುಳ್ಳಗಿರುತ್ತಾರೆ. ನಿಮ್ಮವನು ವಯಸ್ಸಿಗೆ ತಕ್ಕ ಎತ್ತರಕ್ಕಿಂತ ತುಸು ಮೇಲೇ ಇದ್ದಾನೆ. ಕೊನೆಗೆ ಕೇಳಿದ ಆ ಹರ್ಬಲ್ ಪೌಡರ್ ಖಂಡಿತ ಬೇಡ, ಆ ದುಡ್ಡಿಗೆ ಒಂದು ಸೈಕಲ್ ಬರುತ್ತದೆ.