ಮಧುಗಿರಿಯ ಜೂನಿಯರ್‌ಗೆ ಲಾ ಕ್ಲರ್ಕ್ ಕೆಲಸ ಸಿಗುತ್ತಾ?

ಪ್ರಶ್ನೆ: ಎರಡು ವರ್ಷದಿಂದ ಮಧುಗಿರಿಯಲ್ಲಿ ಸೀನಿಯರ್ ಒಬ್ಬರ ಬಳಿ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಜಾಸ್ತಿ ಆಸ್ತಿ ವಿಭಾಗದ ದಾವೆ, ತಡೆಯಾಜ್ಞೆ ಅರ್ಜಿಗಳೇ. ನ್ಯಾಯಮೂರ್ತಿಗಳಿಗೆ ಕೇಸಿನ ಕಾಗದ ಓದಿ, ಕಾನೂನು ಹುಡುಕಿಕೊಡುವ ಲಾ ಕ್ಲರ್ಕ್ ಆಗುವ ಆಸೆಯಿದೆ. ಅದು ದೊಡ್ಡ ಲಾ ಕಾಲೇಜಿನವರಿಗೆ ಅಂತಾರೆ, ನಿಜವೇ? ಮುಂದೆ ಸಿವಿಲ್ ಜಡ್ಜ್ ಪರೀಕ್ಷೆ ಬರೆಯಬೇಕು. ಪ್ರಾಕ್ಟೀಸ್ ನಿಲ್ಲಿಸಿದರೆ ಅದಕ್ಕೆ ತೊಂದರೆ ಆಗುತ್ತಾ?
– ಓದುಗರೊಬ್ಬರು, ಮಧುಗಿರಿ

ಉತ್ತರ: ನಿಮ್ಮನ್ನು ಕಾಡುತ್ತಿರುವುದು ಆ ಕೊನೆಯ ಪ್ರಶ್ನೆ, ಅಲ್ವಾ? ಧೈರ್ಯವಾಗಿರಿ. ಸಿವಿಲ್ ಜಡ್ಜ್ ಆಗಲು ಮೂರು ವರ್ಷದ ವಕೀಲಿಕೆ ಬೇಕು ಎಂದು 2025ರ ಮೇ 20ರಂದು ಸುಪ್ರೀಂ ಕೋರ್ಟ್ ಹೇಳಿತು. ಲಾ ಕ್ಲರ್ಕ್ ಆಗಿದ್ದ ಅವಧಿಯನ್ನೂ ಆ ಲೆಕ್ಕಕ್ಕೆ ಸೇರಿಸಬೇಕು ಎಂದು ಅದೇ ತೀರ್ಪಿನಲ್ಲಿದೆ. ಆದರೆ ಇದು ಪೂರ್ಣಾವಧಿ ಸಂಬಳದ ಕೆಲಸ. ಸೇರಿದ ಮೇಲೆ ವಕಾಲತ್ತು ಹಾಕುವಂತಿಲ್ಲ. ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಲೇಬೇಕು.

ಕಾಲೇಜಿನ ಹೆಸರಿಗೆ ಹೆದರಬೇಡಿ. ಸುಪ್ರೀಂ ಕೋರ್ಟಿನ 2025ರ ಪ್ರಕಟಣೆ ನೋಡಿ: ವಯಸ್ಸು 20ರಿಂದ 32, ತಿಂಗಳಿಗೆ 80,000 ರೂಪಾಯಿ. ಬಹು ಆಯ್ಕೆ ಪ್ರಶ್ನೆಗಳ ಪರೀಕ್ಷೆ, ವಿವರವಾಗಿ ಬರೆಯುವ ಪರೀಕ್ಷೆ, ಆಮೇಲೆ ಸಂದರ್ಶನ. ಪರೀಕ್ಷೆಗೆ ಬೆಂಗಳೂರಿನಲ್ಲೂ ಕೇಂದ್ರವಿತ್ತು. ನಮ್ಮ ಹೈಕೋರ್ಟಿನ ಷರತ್ತುಗಳು ಬೇರೆ. ಅದರ ಪ್ರಕಟಣೆ ಬಂದಾಗ ಪೂರ್ತಿ ಓದಿ.

ತುಮಕೂರಿನಲ್ಲಿ ಜೂನಿಯರ್‌ಗಳ ಅರ್ಜಿ ನೋಡಿ ನನಗೆ ಬೇಜಾರಾಗುತ್ತದೆ. ‘ಸಿವಿಲ್ ಕೇಸುಗಳಲ್ಲಿ ಸಹಾಯ ಮಾಡಿದ್ದೇನೆ’ ಎಂದು ಒಂದು ಸಾಲು ಬರೆದು ಮುಗಿಸುತ್ತಾರೆ. ಹಾಗೆ ಮಾಡಬೇಡಿ. ಪಹಣಿ, ಮ್ಯುಟೇಷನ್, ವಂಶವೃಕ್ಷ ಇಟ್ಟುಕೊಂಡು ದಾವೆ ಸಿದ್ಧಮಾಡಿದ್ದೀರಿ. ಪಾಟೀಸವಾಲಿಗೆ ಪ್ರಶ್ನೆ ಬರೆದುಕೊಟ್ಟಿದ್ದೀರಿ. ಅದನ್ನೇ ಬರೆಯಿರಿ, ಕಕ್ಷಿದಾರರ ಹೆಸರು ಮಾತ್ರ ಬೇಡ. ಇಂಥ ದಾವೆಗಳೇ ಮುಂದೆ ಎರಡನೇ ಮೇಲ್ಮನವಿಯಾಗಿ ಹೈಕೋರ್ಟಿಗೆ ಹೋಗುತ್ತವೆ. ಅಲ್ಲಿ ಕನ್ನಡದ ಸಾಕ್ಷಿ ಹೇಳಿಕೆಯನ್ನು, ಹಳೇ ಪಾಲುಪಟ್ಟಿಯನ್ನು ಸರಸರ ಓದಿ ತಿರುಳು ಹೇಳುವವರು ಬೇಕು. ಆ ಅಭ್ಯಾಸ ನಿಮಗಿದೆ. ಇದು ಸಣ್ಣ ವಿಷಯ ಅಲ್ಲವೇ ಅಲ್ಲ.

ನಿಮಗೆ ಕಷ್ಟವಾಗುವುದು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಬರೆಯುವುದು. ಅದಕ್ಕೆ ನಿಮಗೆ ಗೊತ್ತಿರುವ ವಿಷಯವನ್ನೇ ಹಿಡಿಯಿರಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕರ್ನಾಟಕ 1994ರಲ್ಲೇ ಹಕ್ಕು ಕೊಟ್ಟಿತು, ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟು. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರದಿದ್ದರೂ ಮಗಳಿಗೆ ಹಕ್ಕಿದೆ ಎಂದು ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪು ಹೇಳಿತು. ಸುಪ್ರೀಂ ಕೋರ್ಟಿನ ತೀರ್ಪುಗಳ ಆನ್‌ಲೈನ್ ಸಂಗ್ರಹ ಇ-ಎಸ್‌ಸಿಆರ್‌ನಲ್ಲಿ ಆ ತೀರ್ಪು ಪುಕ್ಕಟೆ ಸಿಗುತ್ತದೆ. ಉದ್ದದ ತೀರ್ಪು, ಸುಸ್ತಾಗುತ್ತದೆ, ಬಿಡಬೇಡಿ. ಸಂಗತಿ ಏನು, ಪ್ರಶ್ನೆ ಏನು, ಉತ್ತರ ಏನು, ಯಾಕೆ ಎಂದು ಒಂದೇ ಪುಟದಲ್ಲಿ ಬರೆಯಿರಿ. ಸೀನಿಯರ್‌ಗೆ ತೋರಿಸಿ, ತಿದ್ದಿಸಿಕೊಳ್ಳಿ.

ಅರ್ಜಿ ಹಾಕುವ ವಿಷಯವನ್ನೂ ಆಗಲೇ ಅವರಿಗೆ ಹೇಳಿಬಿಡಿ. ಆಯ್ಕೆಯಾದರೆ ನಿಮ್ಮ ಕೈಲಿರುವ ಕೇಸುಗಳ ವಾಯಿದೆ ನೋಡಿಕೊಳ್ಳಲು ಅವರು ಬೇರೆಯವರನ್ನು ಹುಡುಕಬೇಕಲ್ಲ.