ಚೀನಾದ ತಾವೋ ಚಿಂತನೆ ಪ್ರಕಾರ ನೆಮ್ಮದಿ ಬೇಕು ಅಂದ್ರೆ ಆಸೆನೆಲ್ಲಾ ಬಿಡ್ಬೇಕಾ?

ಪೂರ್ತಿ ಬಿಡ್ಬೇಕಿಲ್ಲ, ಕಡಿಮೆ ಮಾಡ್ಕೊಂಡು ಎಲ್ಲಿಗೆ ನಿಲ್ಲಿಸ್ಬೇಕು ಅಂತ ಗೊತ್ತಿದ್ರೆ ಸಾಕು. ಈ ಚಿಂತನೆಯ ಹಳೇ ಗ್ರಂಥ ತಾವೋ ತೆ ಚಿಂಗ್‌ನ 12ನೇ ಅಧ್ಯಾಯದಲ್ಲಿ ಇದಕ್ಕೆ ಕಾರಣ ಸಿಗುತ್ತೆ: ಬಣ್ಣಗಳು ಕಣ್ಣನ್ನ ಕುರುಡು ಮಾಡ್ತವೆ, ರುಚಿಗಳು ನಾಲಿಗೆ ಕೆಡಿಸ್ತವೆ, ಅದಕ್ಕೇ ತಿಳಿದವನು ಹೊಟ್ಟೆ ನೋಡ್ಕೋತಾನೆ, ಕಣ್ಣಿನ ಹಿಂದೆ ಹೋಗಲ್ಲ. ಹೊಟ್ಟೆ ತುಂಬಿದ್ದು ತಾನಾಗೇ ಗೊತ್ತಾಗುತ್ತೆ, ಕಣ್ಣಿಗೆ ಆ ಮಿತಿನೇ ಇಲ್ಲ, ಅದರಲ್ಲೂ ಪಕ್ಕದವರ ಜೊತೆ ಹೋಲಿಸ್ಕೊಳ್ಳೋಕೆ ಶುರು ಮಾಡಿದ್ರಂತೂ ಮುಗೀತು. ಇದೇ ಚಿಂತನೆಯ ಇನ್ನೊಂದು ಹಳೇ ಗ್ರಂಥ ಚುವಾಂಗ್ ತ್ಸುನಲ್ಲಿ ನಂಗೆ ತುಂಬಾ ಇಷ್ಟವಾದ ಪ್ರಸಂಗ ಇದೆ, ದೊರೆ ರಾಜ್ಯನೇ ಕೊಡ್ತೀನಿ ಅಂದಾಗ ಒಬ್ಬ, ನದಿಗೆ ಬಂದ ಇಲಿನೂ ಹೊಟ್ಟೆ ತುಂಬೋಷ್ಟೇ ಕುಡಿಯೋದು ಅಂತ ಹೇಳಿ ಬೇಡ ಅಂತಾನೆ. ಇವತ್ತಿನ ಶಾಪಿಂಗ್ ಆ್ಯಪ್, ರೀಲ್ಸ್ ಎಲ್ಲಾ ಹಿಡಿಯೋದು ಕಣ್ಣನ್ನೇ, ಬೆರಳಲ್ಲಿ ತಳ್ಳಿದಷ್ಟೂ ಬರ್ತಾನೇ ಇರುತ್ತೆ, ಹಾಗಾಗಿ ಬೀರು ತುಂಬಾ ಬಟ್ಟೆ ಇದ್ರೂ ಇನ್ನೊಂದು ಶರ್ಟ್ ಬೇಕು ಅನ್ಸುತ್ತೆ.