ಎಲ್ಲಾ ಸಾಲಿಗೂ ಚಾಲಿಯೇ ಯಾಕೆ?

ಪ್ರಶ್ನೆ: ಸರ್, ಶಿರಸಿಯಲ್ಲಿ ಅಡಿಕೆ ವ್ಯಾಪಾರಿಯೊಬ್ಬರ ಕಂಪ್ಯೂಟರ್ ಲೆಕ್ಕ ನೋಡಿಕೊಳ್ಳುತ್ತೇನೆ. ದಿನದ ಮಾರಾಟದ ಎಕ್ಸ್‌ಎಂಎಲ್ ಫೈಲ್‌ನಲ್ಲಿ (ಮಾಹಿತಿಯನ್ನು ಟ್ಯಾಗ್‌ಗಳಲ್ಲಿ ಬರೆದಿಡುವ ಫೈಲ್) ಅಡಿಕೆಯ ಕೋಡ್ ಮಾತ್ರ ಇರುತ್ತದೆ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು ಅನ್ನುವ ಹೆಸರುಗಳು ಇನ್ನೊಂದು ಫೈಲ್‌ನಲ್ಲಿವೆ. ಎಕ್ಸ್‌ಎಸ್‌ಎಲ್‌ಟಿಯಲ್ಲಿ (ಇಂಥ ಫೈಲನ್ನು ಬೇಕಾದ ರೂಪಕ್ಕೆ ಬದಲಿಸುವ ಭಾಷೆ) ಎರಡನ್ನೂ ಸೇರಿಸಿದರೆ ಎಲ್ಲಾ ಸಾಲಿಗೂ ಚಾಲಿ ಅಂತಲೇ ಬರುತ್ತದೆ. ನಾನು ಬರೆದದ್ದು: ಡಾಕ್ಯುಮೆಂಟ್('ಬಗೆ.ಎಕ್ಸ್‌ಎಂಎಲ್')/ಬಗೆಗಳು/ಬಗೆ[@ಕೋಡ್ = @ಕೋಡ್]/ಹೆಸರು
— ಓದುಗರು, ಶಿರಸಿ

ಉತ್ತರ: ಚಾಲಿ ಅಂತ ಬಂತಲ್ಲ, ಅಂದರೆ ಹೊರಗಿನ ಫೈಲ್ ಸರಿಯಾಗಿಯೇ ಸಿಕ್ಕಿದೆ. ಎಡವಟ್ಟಾಗಿರುವುದು ಚೌಕ ಕಂಸದ ಒಳಗೆ. ಅಲ್ಲಿ ಎಡಗಡೆಯ ಕೋಡೂ ಬಲಗಡೆಯ ಕೋಡೂ ಹೊರಗಿನ ಫೈಲ್‌ನದ್ದೇ. ಚಾಲಿಯ ಕೋಡ್ ಚಾಲಿಯ ಕೋಡಿಗೆ ಸಮವೇ ಅಂತ ಕೇಳಿದರೆ ಅದು ಹೌದು ಅನ್ನದೆ ಇನ್ನೇನು ಅಂದೀತು? ಹಾಗಾಗಿ ಎಲ್ಲ ಬಗೆಗಳೂ ಆಯ್ಕೆಯಾಗುತ್ತವೆ, ಎಕ್ಸ್‌ಎಸ್‌ಎಲ್‌ಟಿಯ 1.0 ಆವೃತ್ತಿಯ ವ್ಯಾಲ್ಯೂ-ಆಫ್ (ಸಿಕ್ಕಿದ್ದನ್ನು ಬರೆಯುವ ಆದೇಶ) ಅವುಗಳಲ್ಲಿ ಮೊದಲನೆಯದನ್ನು ಬರೆದು ಸುಮ್ಮನಾಗುತ್ತದೆ. 2.0 ಆಗಿದ್ದರೆ ಎಲ್ಲ ಹೆಸರೂ ಒಟ್ಟಿಗೆ ಸಾಲಾಗಿ ಬಂದು ತಪ್ಪು ಬೇಗ ಕಣ್ಣಿಗೆ ಬೀಳುತ್ತಿತ್ತು.

ಬಲಗಡೆ ಕರೆಂಟ್()/@ಕೋಡ್ ಅಂತ ಬರೆಯಿರಿ, ಸಾಕು. ಟೆಂಪ್ಲೇಟ್ (ಸಾಲನ್ನು ಹೇಗೆ ಬರೆಯಬೇಕು ಅನ್ನುವ ನಿಯಮ) ಅಥವಾ ಫಾರ್-ಈಚ್ (ಒಂದೊಂದೇ ಸಾಲನ್ನು ಎತ್ತಿಕೊಳ್ಳುವ ಆದೇಶ) ಆಗ ಕೈಗೆತ್ತಿಕೊಂಡಿರುವ ಮಾರಾಟದ ಸಾಲನ್ನೇ ಕರೆಂಟ್() ಕೊಡುತ್ತದೆ. ಕೋಡನ್ನು ಮೊದಲೇ ಒಂದು ವೇರಿಯಬಲ್‌ಗೆ ಹಾಕಿ ಹೋಲಿಸಿದರೂ ಆಯಿತು. ನನಗೆ ಅದೇ ಇಷ್ಟ, ಮುಂದೆ ಯಾರಾದರೂ ಓದಿದರೂ ಗೊಂದಲವಾಗುವುದಿಲ್ಲ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಫೈಲ್ ಹೆಸರನ್ನು ಹೀಗೆ ಉದ್ಧರಣ ಚಿಹ್ನೆಯಲ್ಲಿ ಕೊಟ್ಟಾಗ ಅದನ್ನು ಹುಡುಕುವುದು ಸ್ಟೈಲ್‌ಶೀಟ್ (ನೀವು ಬರೆದ ಎಕ್ಸ್‌ಎಸ್‌ಎಲ್‌ಟಿ ಫೈಲ್) ಇರುವ ಫೋಲ್ಡರ್‌ನಲ್ಲಿ, ಮಾರಾಟದ ಫೈಲ್ ಪಕ್ಕದಲ್ಲಿ ಅಲ್ಲ. ಮಾರಾಟದ ಫೈಲ್ ಪಕ್ಕದಲ್ಲೇ ಹುಡುಕಬೇಕೆಂದರೆ ಡಾಕ್ಯುಮೆಂಟ್() ಕಂಸದಲ್ಲಿ ಫೈಲ್ ಹೆಸರಿನ ನಂತರ ಎರಡನೇ ಆರ್ಗ್ಯುಮೆಂಟ್ ಆಗಿ / ಕೊಡಿ.

ಪ್ರತಿ ಸಾಲಿಗೂ ಫೈಲ್ ಮತ್ತೆ ಮತ್ತೆ ಓದುತ್ತದಾ ಅನ್ನುವ ಚಿಂತೆ ಬೇಡ. ಒಂದು ಓಟದಲ್ಲಿ ಅದೇ ವಿಳಾಸಕ್ಕೆ ಅದೇ ಡಾಕ್ಯುಮೆಂಟ್ ಸಿಗಬೇಕು ಅನ್ನುವುದು 1999ರ ಮೊದಲ ಆವೃತ್ತಿಯಿಂದಲೇ ಇರುವ ನಿಯಮ. ಹುಡುಕಾಟ ಮಾತ್ರ ಪ್ರತಿ ಸಲವೂ ನಡೆಯುತ್ತದೆ. ನಾಲ್ಕೈದು ಬಗೆಯ ಅಡಿಕೆಗೆ ಅದೇನೂ ಭಾರವಲ್ಲ, ಆದರೆ ಸಿದ್ದಾಪುರ, ಯಲ್ಲಾಪುರ ಕಡೆಯ ಸಾವಿರಾರು ಬೆಳೆಗಾರರ ಹೆಸರನ್ನೂ ಹೀಗೇ ಹುಡುಕಬೇಕಾದರೆ ಕೀ() (ಮೊದಲೇ ಮಾಡಿಟ್ಟ ಸೂಚಿಯಿಂದ ಹುಡುಕುವ ಫಂಕ್ಷನ್) ಬಳಸುವುದು ಒಳ್ಳೆಯದು. 1.0ರಲ್ಲಿ ಕೀ() ತಾನು ನಿಂತಿರುವ ಡಾಕ್ಯುಮೆಂಟ್ ಬಿಟ್ಟು ಬೇರೆ ಕಡೆ ನೋಡುವುದಿಲ್ಲ. ಅದಕ್ಕೇ ಮೊದಲು ಫಾರ್-ಈಚ್‌ನಿಂದ ಹೊರಗಿನ ಫೈಲ್ ಒಳಗೆ ಹೋಗಿ ಕೀ() ಕರೆಯಬೇಕು, ಕೋಡನ್ನು ಅದಕ್ಕೂ ಮೊದಲೇ ವೇರಿಯಬಲ್‌ನಲ್ಲಿ ಇಟ್ಟುಕೊಂಡಿರಬೇಕು, ಯಾಕೆಂದರೆ ಆ ಫಾರ್-ಈಚ್ ಒಳಗೆ ಕರೆಂಟ್() ಕೂಡ ಹೊರಗಿನ ಫೈಲ್‌ನದ್ದಾಗಿರುತ್ತದೆ. 2007ರ 2.0ರಲ್ಲಿ ಈ ಸರ್ಕಸ್ ಇಲ್ಲ, ಹುಡುಕಬೇಕಾದ ಡಾಕ್ಯುಮೆಂಟನ್ನು ಕೀ()ಗೆ ಮೂರನೇ ಆರ್ಗ್ಯುಮೆಂಟ್ ಆಗಿ ನೇರವಾಗಿ ಕೊಡಬಹುದು.